ಮಾರ್ಷಲ್ ಸೋತ ಆಟ

'ಗೆದ್ದವ ಸೋತ, ಸೋತವ ಸತ್ತ' ಎಂಬುದು ನಮ್ಮಲ್ಲಿ ವ್ಯಾಜ್ಯಗಳನ್ನು ಕುರಿತು ಹುಟ್ಟಿದ ಗಾದೆ. ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಬಸವಳಿದ ಹಿರಿಯರ ಅನುಭವ ಆ ನಾಲ್ಕು ಮಾತುಗಳಲ್ಲಿ ಅಡಗಿದೆ. ಆದರೆ ಸೋತವನು ಸಾಯದೆ, ಸೋಲಿನಿಂದಲೇ ಹೆಸರನ್ನು ಉಳಿಸಿಕೊಂಡ ಪ್ರಸಂಗಗಳೂ ಲೋಕದಲ್ಲಿ ಉಂಟು. ಅಂಥ ಒಂದು ಪ್ರಸಂಗ ನಡೆದದ್ದು ಅರವತ್ತನಾಲ್ಕು ಮನೆಗಳ ಚದುರಂಗದ ಮಣೆಯ ಮೇಲೆ.

ಚದುರಂಗದ ಸೋಲು ಉಳಿದ ಆಟಗಳ ಸೋಲಿನಂತಲ್ಲ. ಪಗಡೆಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಧರ್ಮರಾಯ ದಾಳವನ್ನು ದೂರಬಹುದಾಗಿತ್ತು, ಶಕುನಿಯ ಕೈಚಳಕವನ್ನು ದೂರಬಹುದಾಗಿತ್ತು. ಕ್ರಿಕೆಟ್ಟಿನಲ್ಲಿ ಸೋತವರಿಗೆ ಮಳೆಯುಂಟು, ಅಂಪೈರುಂಟು, ಕ್ಯಾಚು ಬಿಟ್ಟ ಜೊತೆಗಾರನುಂಟು. ಚದುರಂಗದಲ್ಲಿ ದಾಳವಿಲ್ಲ, ಜೊತೆಗಾರನಿಲ್ಲ, ಬಚ್ಚಿಟ್ಟ ಎಲೆಗಳೂ ಇಲ್ಲ. ಇಬ್ಬರಿಗೂ ಸಮಸಮನಾದ ಸೈನ್ಯ, ಇಬ್ಬರ ಕಣ್ಣಿಗೂ ಕಾಣುವಂತೆ ಹರಡಿದ ರಣರಂಗ. ಸೋತವನು ತನ್ನ ಬುದ್ಧಿಯಿಂದಲೇ ಸೋತನು ಎಂಬುದನ್ನು ಮರೆಮಾಚಲು ಅಲ್ಲಿ ಒಂದು ತೆರೆಯೂ ಇಲ್ಲ. ಆದುದರಿಂದಲೇ ಆ ಸೋಲು ಹೆಚ್ಚು ಕುಟುಕುತ್ತದೆ. ಆದುದರಿಂದಲೇ ಅದನ್ನು ನೋಡುವ ಬಗೆಯನ್ನು ಕಲಿತವನಿಗೆ ಅದರಿಂದ ದೊರೆಯುವ ಫಲವೂ ದೊಡ್ಡದು.

ಅಮೆರಿಕದ ಚದುರಂಗ ವೀರ ಫ್ರಾಂಕ್ ಮಾರ್ಷಲ್ 1918ರಲ್ಲಿ ಸೋತ ಒಂದು ಆಟ ಇದಕ್ಕೆ ಒಳ್ಳೆಯ ನಿದರ್ಶನ.

ಇಬ್ಬರು ಎದುರಾಳಿಗಳು

ಫ್ರಾಂಕ್ ಜೇಮ್ಸ್ ಮಾರ್ಷಲ್ 1877ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಬಾಲ್ಯದ ಬಹುಭಾಗವನ್ನು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕಳೆದನು. ಹತ್ತು ವರ್ಷದವನಿದ್ದಾಗ ತಂದೆಯಿಂದ ಆಟವನ್ನು ಕಲಿತನು. ಅವನದು ಮುನ್ನುಗ್ಗುವ ಸ್ವಭಾವ. ಕುದುರೆಯನ್ನೋ ಆನೆಯನ್ನೋ ಬಲಿಕೊಟ್ಟು ಎದುರಾಳಿಯ ರಾಜನ ಬಾಗಿಲಿಗೆ ಬೆಂಕಿಯಿಡುವುದೆಂದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ. 1904ರಲ್ಲಿ ಅಮೆರಿಕದ ಕೇಂಬ್ರಿಜ್ ಸ್ಪ್ರಿಂಗ್ಸ್ ಎಂಬಲ್ಲಿ ನಡೆದ ಮಹಾ ಪಂದ್ಯಾವಳಿಯಲ್ಲಿ ಒಂದು ಆಟವನ್ನೂ ಸೋಲದೆ ಆತ ಪ್ರಥಮನಾದನು. ಜಗಜ್ಜೇತನಾಗಿದ್ದ ಜರ್ಮನಿಯ ಎಮಾನುಯೆಲ್ ಲಾಸ್ಕರ್ ಅಂದು ಅವನ ಹಿಂದೆ ಉಳಿದವರಲ್ಲಿ ಒಬ್ಬ. ಆದರೆ ಮೂರು ವರ್ಷಗಳ ತರುವಾಯ ಅದೇ ಲಾಸ್ಕರನೊಡನೆ ಜಗಜ್ಜೇತೃ ಪದವಿಗಾಗಿ ಸೆಣಸಿದಾಗ ಮಾರ್ಷಲನಿಗೆ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. ಎಂಟು ಸೋಲು, ಏಳು ಸಮ. ಮಿಂಚಿನಂತೆ ಹೊಳೆಯುವುದು ಬೇರೆ, ದೀಪದಂತೆ ನಿಂತು ಉರಿಯುವುದು ಬೇರೆ ಎಂಬ ಪಾಠ ಅವನಿಗೆ ಆಗಲೇ ಒಮ್ಮೆ ದೊರೆತಿತ್ತು.

ಎರಡನೆಯ ಪಾಠವನ್ನು ಹೇಳಿದವನು ಇಪ್ಪತ್ತು ವರ್ಷದ ತರುಣ. ಕ್ಯೂಬಾದ ಹವಾನಾ ನಗರದಲ್ಲಿ 1888ರಲ್ಲಿ ಹುಟ್ಟಿದ ಹೋಸೆ ರಾವುಲ್ ಕಾಪಾಬ್ಲಾಂಕಾ ನಾಲ್ಕನೆಯ ವಯಸ್ಸಿನಲ್ಲಿ ತಂದೆ ಆಡುತ್ತಿದ್ದುದನ್ನು ನೋಡಿನೋಡಿಯೇ ಆಟವನ್ನು ಕಲಿತವನು. ಇತರರು ಗಂಟೆಗಟ್ಟಲೆ ಹುಡುಕಿ ಪಡೆಯುವ ನಡೆ ಅವನ ಕಣ್ಣಿಗೆ ತಾನಾಗಿ ಗೋಚರಿಸುತ್ತಿತ್ತು. 1909ರಲ್ಲಿ ಇವನೊಡನೆ ಪಂದ್ಯವಾಡಲು ಮಾರ್ಷಲ್ ಒಪ್ಪಿದಾಗ, ಅನುಭವಶಾಲಿಯಾದ ಮಾರ್ಷಲನೇ ಗೆಲ್ಲುವನೆಂದು ಬಹುಮಂದಿಯ ಎಣಿಕೆಯಾಗಿತ್ತು. ಪಂದ್ಯ ಮುಗಿದಾಗ ಕಾಪಾಬ್ಲಾಂಕಾ ಎಂಟು ಆಟಗಳನ್ನು ಗೆದ್ದಿದ್ದನು, ಮಾರ್ಷಲ್ ಒಂದನ್ನು. ಉಳಿದ ಹದಿನಾಲ್ಕು ಸಮವಾಗಿದ್ದವು.

ಹೀಗೆ ಸೋತವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಗೆದ್ದವನ ಮುಖ ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಾನೆ. ಮಾರ್ಷಲ್ ಹಾಗೆ ಮಾಡಲಿಲ್ಲ. 1911ರಲ್ಲಿ ಸ್ಪೇನ್ ದೇಶದ ಸಾನ್ ಸೆಬಾಸ್ಟಿಯನ್ ನಗರದಲ್ಲಿ ಯೂರೋಪಿನ ಅಗ್ರಗಣ್ಯರ ಪಂದ್ಯಾವಳಿಯೊಂದು ಏರ್ಪಾಡಾಯಿತು. ಹಿಂದೆ ದೊಡ್ಡ ಪಂದ್ಯಾವಳಿಗಳಲ್ಲಿ ಬಹುಮಾನ ಪಡೆದವರಿಗೆ ಮಾತ್ರ ಅಲ್ಲಿ ಪ್ರವೇಶ. ಕಾಪಾಬ್ಲಾಂಕಾ ಅಲ್ಲಿಯವರೆಗೆ ಅಂಥ ಪಂದ್ಯಾವಳಿಯ ಹೊಸ್ತಿಲನ್ನೇ ತುಳಿದವನಲ್ಲ. ಅವನಿಗೆ ಆಹ್ವಾನ ಹೋಗಲೇಬೇಕೆಂದು ಪಟ್ಟುಹಿಡಿದವನು ಅವನಿಂದ ಸೋಲುಂಡ ಮಾರ್ಷಲನೇ. ಕೆಲವರು ಆಕ್ಷೇಪಿಸಿದರು. ಆಕ್ಷೇಪಿಸಿದವರಲ್ಲಿ ಒಬ್ಬನಾದ ಬರ್ನ್‌ಸ್ಟೈನನನ್ನು ಮೊದಲ ಸುತ್ತಿನಲ್ಲಿಯೇ ಸೋಲಿಸಿ, ಕೊನೆಗೆ ಪಂದ್ಯಾವಳಿಯನ್ನೇ ಗೆದ್ದು, ಕಾಪಾಬ್ಲಾಂಕಾ ಜಗತ್ಪ್ರಸಿದ್ಧನಾದನು. ಮಾರ್ಷಲ್ ನಾಲ್ಕನೆಯವನಾದನು. ತನಗಿಂತ ಬಲ್ಲವನನ್ನು ಬಲ್ಲವನೆಂದು ಒಪ್ಪುವ ಈ ದೊಡ್ಡತನವನ್ನು ಅರಿಯದೆ ಮುಂದಿನ ಕಥೆಯ ಸ್ವಾರಸ್ಯವನ್ನು ಅರಿಯುವಂತಿಲ್ಲ.

ಅಕ್ಟೋಬರ್ 23, 1918

ಮೊದಲನೆಯ ಮಹಾಯುದ್ಧ ಕೊನೆಯ ಉಸಿರೆಳೆಯುತ್ತಿದ್ದ ದಿನಗಳು. ನ್ಯೂಯಾರ್ಕ್ ನಗರದಲ್ಲಿ ಇನ್‌ಫ್ಲುಯೆಂಜಾ ಜ್ವರ ಸಹಸ್ರಾರು ಮಂದಿಯನ್ನು ಬಲಿ ತೆಗೆದುಕೊಳ್ಳುತ್ತಿದ್ದ ತಿಂಗಳು. ಅಂಥ ಕಾಲದಲ್ಲಿಯೂ ಅಲ್ಲಿನ ಮ್ಯಾನ್‌ಹಟನ್ ಚೆಸ್ ಕ್ಲಬ್ಬಿನ ಪಂದ್ಯಾವಳಿ ಆರಂಭವಾಯಿತು. ಮೊದಲ ಸುತ್ತಿನಲ್ಲಿಯೇ ಕಾಪಾಬ್ಲಾಂಕಾ ಮತ್ತು ಮಾರ್ಷಲ್ ಎದುರುಬದುರಾದರು. ಒಬ್ಬನಿಗೆ ಮೂವತ್ತು ತುಂಬುವುದಕ್ಕೆ ಇನ್ನೂ ಕೆಲವು ವಾರ. ಇನ್ನೊಬ್ಬನಿಗೆ ನಲವತ್ತೊಂದು. ಕಾಪಾಬ್ಲಾಂಕಾ 1916ರಿಂದ ಒಂದು ಆಟವನ್ನೂ ಸೋತಿರಲಿಲ್ಲ. ಇನ್ನು ಮುಂದೆಯೂ 1924ರವರೆಗೆ ಸೋಲುವವನಿರಲಿಲ್ಲ.

ಬಿಳಿಯ ಕಾಯಿಗಳು ಕಾಪಾಬ್ಲಾಂಕನವು. ಆಟ ಸ್ಪೇನಿನ ಪಾದ್ರಿ ರೂಯ್ ಲೋಪೆಜನ ಹೆಸರಿನ ಹಳೆಯ ಹಾದಿಯಲ್ಲಿಯೇ ಸಾಗಿತು. ಪಾಶ್ಚಾತ್ಯರು ರಾಣಿಯೆನ್ನುವ ಕಾಯಿ ನಮ್ಮವರ ಮಂತ್ರಿ, ಅವರ ಬಿಷಪ್ ನಮ್ಮ ಒಂಟೆ, ಅವರ ರೂಕ್ ನಮ್ಮ ಆನೆ, ಅವರ ಪಾನ್ ನಮ್ಮ ಕಾಲಾಳು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಆಟದ ಪರಿಚಯ ಅಷ್ಟಾಗಿ ಇಲ್ಲದವರೂ ಮುಂದಿನದನ್ನು ಅನುಸರಿಸಬಹುದು.

ಏಳು ನಡೆಗಳವರೆಗೆ ಹೊಸದೇನೂ ಇಲ್ಲ. ಇಬ್ಬರೂ ರಾಜರನ್ನು ಕೋಟೆಯೊಳಗೆ ಸೇರಿಸಿದ್ದರು. ಎಂಟನೆಯ ನಡೆಯಲ್ಲಿ ಮಾರ್ಷಲ್ ತನ್ನ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳಿದನು. ಅದರ ಪರಿಣಾಮವಾಗಿ ಮಧ್ಯದ ಇನ್ನೊಂದು ಕಾಲಾಳು ಕಾವಲಿಲ್ಲದೆ ಉಳಿಯಿತು. ಬೇಕಾದರೆ ಕಡಿದುಕೋ ಎಂದು ತಟ್ಟೆಯಲ್ಲಿಟ್ಟು ಕೊಟ್ಟಂತೆ!

ಕಾಪಾಬ್ಲಾಂಕಾ ಯೋಚನೆಗಿಳಿದನು. ಮಾರ್ಷಲನಂಥವನು ಕಾಲಾಳೊಂದನ್ನು ಪುಕ್ಕಟೆಯಾಗಿ ಕೊಡುವವನಲ್ಲ. ಇದರ ಹಿಂದೆ ಮನೆಯಲ್ಲಿ ಕುಳಿತು ಹೆಣೆದ ಬಲೆಯಿದೆ, ಅದರ ಒಂದೊಂದು ಎಳೆಯೂ ಎದುರಾಳಿಗೆ ಕರತಲಾಮಲಕ, ತನಗೆ ಮಾತ್ರ ಎಲ್ಲವೂ ಹೊಸತು ಎಂಬುದು ಅವನಿಗೆ ಕೂಡಲೇ ಹೊಳೆಯಿತು. ಕೊಟ್ಟದ್ದನ್ನು ಮುಟ್ಟದೆ ಬದಿಗೆ ಸರಿದು ಹೋಗುವ ದಾರಿಗಳೂ ಇದ್ದವು. ಆದರೂ ಸವಾಲನ್ನು ಸ್ವೀಕರಿಸುವುದೇ ತನಗೆ ಮರ್ಯಾದೆಯೆಂದು ಬಗೆದು ಅವನು ಕಾಲಾಳನ್ನು ಕಡಿದನು. ತರುವಾಯ ಈ ಆಟಕ್ಕೆ ಬರೆದ ಟಿಪ್ಪಣಿಯಲ್ಲಿ ತನ್ನ ಆ ಹೊತ್ತಿನ ಮನಸ್ಥಿತಿಯನ್ನು ಅವನು ಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ.

ನಾಲ್ಕು ಚೆಕ್, ನಾಲ್ಕು ಹೆಜ್ಜೆ

ಬಲೆ ಬಿಚ್ಚಿಕೊಂಡಿತು. ಬಿಳಿಯ ಸೈನ್ಯದ ಅರ್ಧಭಾಗ ಇನ್ನೂ ಬಿಡಾರದಲ್ಲಿಯೇ ಮಲಗಿತ್ತು. ರಾಜನ ಬಳಿ ಕಾವಲಿಗಿದ್ದ ಕುದುರೆಯೂ ಕಾದಾಟದಲ್ಲಿ ಕಳೆದುಹೋಗಿತ್ತು. ಮಾರ್ಷಲನ ಒಂಟೆ ರಾಜನ ಕೋಟೆಯತ್ತ ಗುರಿಯಿಟ್ಟು ನಿಂತಿತು. ಹದಿಮೂರನೆಯ ನಡೆಯಲ್ಲಿ ಅವನ ಕುದುರೆ, ಬಿಳಿಯ ಕಾಲಾಳೊಂದು ಸುಲಭವಾಗಿ ಕಡಿಯಬಹುದಾದ ಮನೆಗೇ ನುಗ್ಗಿತು. ಕಡಿದಿದ್ದರೆ ಮಂತ್ರಿ ಹಾರಿಬಂದು ಘೋರವಾದ ದಾಳಿ ಆರಂಭವಾಗುತ್ತಿತ್ತು. ಕಾಪಾಬ್ಲಾಂಕಾ ಕಡಿಯಲಿಲ್ಲ. ತನ್ನ ಮಂತ್ರಿಯನ್ನು ರಾಜನ ನೆರವಿಗೆ ತಂದನು. ಮಾರ್ಷಲನ ಮಂತ್ರಿಯೂ ಮುಂದೆ ಬಂದಿತು. ಹದಿನೈದನೆಯ ನಡೆಯಲ್ಲಿ ಅವನ ಕುದುರೆ ರಾಜನ ಪಕ್ಕದ ಕಾಲಾಳನ್ನೇ ಕಡಿದು ಕೋಟೆಯ ಗೋಡೆಯನ್ನು ಒಡೆಯಿತು. ಆ ಕುದುರೆಯನ್ನೂ ಕಾಪಾಬ್ಲಾಂಕಾ ಆತುರಪಟ್ಟು ಕಡಿಯಲಿಲ್ಲ. ಆನೆಯನ್ನು ಒಂದು ಮನೆ ಮುಂದಿಟ್ಟು ತಾಳ್ಮೆಯಿಂದ ಕಾದನು.

ಮುಂದಿನ ಭಾಗವೇ ಈ ಆಟದ ಸೊಗಸು. ಮಾರ್ಷಲ್ ಒಂದಾದ ಮೇಲೊಂದರಂತೆ ನಾಲ್ಕು ಬಾರಿ ಚೆಕ್ ಕೊಟ್ಟನು. ಪ್ರತಿ ಚೆಕ್ಕಿಗೂ ಬಿಳಿಯ ರಾಜ ಒಂದು ಹೆಜ್ಜೆ ನಡೆದನು. ಓಡಲಿಲ್ಲ, ಅವಿತುಕೊಳ್ಳಲಿಲ್ಲ. ಉರಿಯುವ ಮನೆಯಿಂದ ಮಕ್ಕಳ ಕೈಹಿಡಿದು ಹೊರಬರುವ ಹಿರಿಯನಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಇಪ್ಪತ್ತನಾಲ್ಕನೆಯ ನಡೆಯ ಹೊತ್ತಿಗೆ ಮಣೆಯ ಇನ್ನೊಂದು ಪಕ್ಕದ ಸುರಕ್ಷಿತವಾದ ಮನೆಯನ್ನು ಸೇರಿದನು. ನಾಲ್ಕು ಚೆಕ್, ನಾಲ್ಕು ಹೆಜ್ಜೆ. ಆಮೇಲೆ ಚೆಕ್ಕುಗಳು ಮುಗಿದುಹೋದವು. ಮಾರ್ಷಲನ ಮಂತ್ರಿಯೂ ಒಂಟೆಯೂ ರಾಜ ಬಿಟ್ಟುಹೋದ ಹಾಳುಕೋಟೆಯಲ್ಲಿ, ದರೋಡೆಗೆ ಬಂದು ಒಳಗೇ ಸಿಕ್ಕಿಬಿದ್ದವರಂತೆ, ಉಳಿದುಕೊಂಡವು. ಲೆಕ್ಕ ನೋಡಿದರೆ ಬಿಳಿಯ ಆನೆಯೊಂದಕ್ಕೆ ಬದಲಾಗಿ ಅವನು ಒಂದು ಕುದುರೆಯನ್ನೂ ಒಂದು ಒಂಟೆಯನ್ನೂ ತೆತ್ತಿದ್ದನು.

ಇನ್ನು ಕಾಪಾಬ್ಲಾಂಕನ ಸರದಿ. ಅವನು ಅಬ್ಬರಿಸಲಿಲ್ಲ. ಆನೆಯ ಮುಂದೆ ಮೂಲೆಯಲ್ಲಿದ್ದ, ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಒಂದು ಕಾಲಾಳನ್ನು ಮುಂದಕ್ಕೆ ನಡೆಸಿದನು. ಅದು ಎದುರಾಳಿಯ ಕಾಲಾಳೊಂದನ್ನು ಕಡಿದು ಪಕ್ಕದ ಸಾಲಿಗೆ ಬಂದಿತು. ಒಂದು ಮನೆ, ಮತ್ತೆ ಒಂದು ಮನೆ. ಮೂವತ್ತೈದನೆಯ ನಡೆಗೆ ಅದು ಮಂತ್ರಿಪದವಿಗೆ ಒಂದೇ ಮೆಟ್ಟಿಲು ದೂರದಲ್ಲಿ ನಿಂತಿತ್ತು. ಮೂವತ್ತಾರನೆಯ ನಡೆಯಲ್ಲಿ ಬಿಳಿಯ ಒಂಟೆ ಕರಿಯ ರಾಜನಿಗೆ ಚೆಕ್ ಕೊಟ್ಟಿತು. ಆಟ ಮುಗಿಯಿತು. ಮನೆಯಲ್ಲಿ ಹೆಣೆದ ಬಲೆಯನ್ನು ಮಣೆಯ ಮುಂದೆ ಕುಳಿತು ಬಿಡಿಸಿದ ಬುದ್ಧಿಶಕ್ತಿಗೆ ಚದುರಂಗ ಲೋಕವೇ ತಲೆದೂಗಿತು. 1921ರಲ್ಲಿ ಪ್ರಕಟವಾದ ತನ್ನ 'ಚೆಸ್ ಫಂಡಮೆಂಟಲ್ಸ್' ಎಂಬ ಪುಸ್ತಕದಲ್ಲಿ ಕಾಪಾಬ್ಲಾಂಕಾ ಈ ಆಟವನ್ನು ಸೇರಿಸಿಕೊಂಡನು. ಅದೇ ವರ್ಷ ಲಾಸ್ಕರನನ್ನು ಹವಾನಾದಲ್ಲಿ ಸೋಲಿಸಿ ಜಗಜ್ಜೇತನೂ ಆದನು.

ಬಚ್ಚಿಟ್ಟ ಅಸ್ತ್ರದ ಕಥೆ

ಈ ಆಟದ ಸುತ್ತ ಒಂದು ಕಥೆ ಬೆಳೆದುಕೊಂಡಿದೆ. 1909ರ ಸೋಲಿನಿಂದ ಮನನೊಂದ ಮಾರ್ಷಲ್ ಈ ದಾಳಿಯನ್ನು ಗುಟ್ಟಾಗಿ ಸಿದ್ಧಪಡಿಸಿದನಂತೆ. ವರ್ಷಗಟ್ಟಲೆ ಯಾರ ಮೇಲೂ ಪ್ರಯೋಗಿಸದೆ ಕಾಪಾಬ್ಲಾಂಕನಿಗಾಗಿಯೇ ಕಾದಿಟ್ಟನಂತೆ. ಕರ್ಣನು ಅರ್ಜುನನಿಗೆಂದು ಶಕ್ತ್ಯಾಯುಧವನ್ನು ಕಾದಿರಿಸಿದ ಕಥೆಯನ್ನು ಬಲ್ಲ ನಮ್ಮವರಿಗೆ ಇದು ಥಟ್ಟನೆ ಹಿಡಿಸುತ್ತದೆ.

ಆದರೆ ದಾಖಲೆಗಳು ಈ ಕಥೆಗೆ ಪೂರ್ತಿ ಒತ್ತಾಸೆ ಕೊಡುವುದಿಲ್ಲ. ಅದಕ್ಕೆ ಹಿಂದಿನ ವರ್ಷ, ಎಂದರೆ 1917ರಲ್ಲಿ, ನ್ಯೂಯಾರ್ಕಿನಲ್ಲಿಯೇ ವಾಲ್ಟರ್ ಫ್ರೀರ್ ಎಂಬಾತನೊಡನೆ ಆಡುವಾಗ ಮಾರ್ಷಲ್ ಇದೇ ಕಾಲಾಳನ್ನು ಇದೇ ರೀತಿ ಬಲಿಕೊಟ್ಟಿದ್ದನು. ಗುಟ್ಟಿನ ಅಸ್ತ್ರವಾಗಿದ್ದರೆ ಅದನ್ನು ಹೀಗೆ ಹೊರತೆಗೆಯುತ್ತಿದ್ದನೇ? ಇನ್ನೊಂದು ಸಂಗತಿಯೂ ಉಂಟು. 1913ರ ಹವಾನಾ ಪಂದ್ಯಾವಳಿಯಲ್ಲಿ, ಕಾಪಾಬ್ಲಾಂಕನ ಸ್ವಂತ ಊರಿನಲ್ಲಿ, ಅವನನ್ನು ಅರ್ಧ ಅಂಕದಿಂದ ಹಿಂದಿಕ್ಕಿ ಮಾರ್ಷಲ್ ಪ್ರಥಮನಾಗಿದ್ದನು. ಒಂದೇ ಸೋಲಿನ ಕಿಚ್ಚನ್ನು ಒಂಬತ್ತು ವರ್ಷ ಒಡಲಲ್ಲಿಟ್ಟುಕೊಂಡು ಕುಳಿತವನ ಚಿತ್ರ ಇದಕ್ಕೆ ಹೊಂದುವುದಿಲ್ಲ.

ಆದರೂ ಜನ ಆ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಸೋಲಿಗೆ ಸೇಡಿನ ಬಣ್ಣ ಬಳಿದರೆ ಅದು ರೋಚಕವಾಗುತ್ತದೆ. ವಾಸ್ತವವಾಗಿ ನಡೆದದ್ದು ಅದಕ್ಕಿಂತ ಸರಳ, ಅದಕ್ಕಿಂತ ಹಿರಿದು. ಆಟವನ್ನು ಪ್ರೀತಿಸಿದವನೊಬ್ಬ ಹೊಸದೊಂದು ವಿಚಾರವನ್ನು ಕಂಡುಕೊಂಡನು. ಅದನ್ನು ತನಗಿಂತ ಬಲಿಷ್ಠನಾದ ಎದುರಾಳಿಯ ಮುಂದಿಟ್ಟು ಪರೀಕ್ಷೆಗೆ ಒಡ್ಡಿದನು. ಪರೀಕ್ಷೆಯಲ್ಲಿ ಸೋತನು.

ಸೋತದ್ದು ಯಾವುದು?

ಇಲ್ಲಿಯೇ ವಿಚಾರ ಮಾಡಬೇಕಾದ ಪ್ರಶ್ನೆ ಏಳುತ್ತದೆ. ಅಂದು ಸೋತದ್ದು ಯಾವುದು? ಮಾರ್ಷಲನೇ? ಅವನ ವಿಚಾರವೇ? ಇಲ್ಲವೇ ಅವನ ಯಾವುದೋ ಒಂದು ನಡೆಯೇ?

ಸೋತ ಗಳಿಗೆಯಲ್ಲಿ ಈ ಮೂರೂ ಒಂದೇ ಆಗಿ ಕಾಣುತ್ತವೆ. ಗಣಿತದ ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿದ ಹುಡುಗ 'ನನಗೆ ಗಣಿತವೇ ಬಾರದು' ಎಂದು ಕಣ್ಣೀರಿಡುವುದಿಲ್ಲವೇ? ಹಾಗೆಯೇ ಇದು. ಆದರೆ ಚದುರಂಗದಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಅಲ್ಲಿ ಪ್ರತಿಯೊಂದು ನಡೆಯನ್ನೂ ಆಟಗಾರರು ಕಾಗದದಲ್ಲಿ ಬರೆದುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಎಷ್ಟೋ ವೇಳೆ ಗೆದ್ದವನೂ ಸೋತವನೂ ಅದೇ ಮಣೆಯ ಮುಂದೆ ಕುಳಿತು, ಕಾಯಿಗಳನ್ನು ಮೊದಲಿನಂತೆ ಜೋಡಿಸಿ, ಎಲ್ಲಿ ಏನು ತಪ್ಪಿತೆಂದು ಒಟ್ಟಾಗಿ ಶೋಧಿಸುತ್ತಾರೆ. ಇದಕ್ಕೆ ಅವರಲ್ಲಿ ಶವಪರೀಕ್ಷೆ ಎಂದೇ ಹೆಸರು. ಬರೆದಿಟ್ಟ ಆಟ ಸೋತವನಿಗೆ ಸುಳ್ಳು ಹೇಳಗೊಡುವುದಿಲ್ಲ. ತಪ್ಪು ಇದ್ದುದಕ್ಕಿಂತ ದೊಡ್ಡದಾಗಿ ಬೆಳೆಯುವುದಕ್ಕೂ ಅದು ಎಡೆಗೊಡುವುದಿಲ್ಲ.

ಮಾರ್ಷಲನ ಆಟದ ಶವಪರೀಕ್ಷೆ ಒಂದು ದಿನಕ್ಕೆ ಮುಗಿಯಲಿಲ್ಲ. ದಶಕಗಳ ಕಾಲ ಅನೇಕ ದೇಶಗಳ ಆಟಗಾರರು ಅದನ್ನು ಮುಂದುವರಿಸಿದರು. ಪರಿಣಾಮವಾಗಿ ಕಂಡುಬಂದದ್ದಿಷ್ಟು: ಕಾಲಾಳನ್ನು ಬಲಿಕೊಟ್ಟ ವಿಚಾರ ತಪ್ಪಲ್ಲ. ತಪ್ಪಿದ್ದು ಹನ್ನೊಂದನೆಯ ನಡೆಯಲ್ಲಿ. ಮಾರ್ಷಲನ ಕುದುರೆ ಮಣೆಯ ನಟ್ಟನಡುವೆ ಭದ್ರವಾಗಿ ನೆಲೆ ನಿಲ್ಲಬಹುದಾಗಿತ್ತು. ದಾಳಿಗೆ ಧಾವಿಸುವ ಆತುರದಲ್ಲಿ ಅವನು ಅದನ್ನು ಆ ನೆಲೆಯಿಂದ ಕಿತ್ತು ಹಿಂದಕ್ಕೆ ತಂದನು. ಅದರ ಬದಲು ಪಕ್ಕದ ಕಾಲಾಳೊಂದನ್ನು ಒಂದೇ ಒಂದು ಮನೆ ಮುಂದಿಟ್ಟು ಕುದುರೆಗೆ ಆಸರೆ ಕೊಟ್ಟರೆ ಸಾಕು. ಕುದುರೆ ನಡುವೆ ನಿಲ್ಲುತ್ತದೆ, ಒಂಟೆಯೂ ಮಂತ್ರಿಯೂ ಮೊದಲಿನಂತೆಯೇ ರಾಜನ ಮೇಲೆ ಏರಿಹೋಗುತ್ತವೆ, ದಾಳಿ ಮಾತ್ರ ಸುಲಭವಾಗಿ ಆರುವುದಿಲ್ಲ. ಇಂದು ಈ ದಾಳಿಯನ್ನು ಆಡುವವರೆಲ್ಲರಿಗೂ ಈ ಪುಟ್ಟ ನಡೆಯೇ ಹೆದ್ದಾರಿಯಾಗಿದೆ.

ಒಂದು ಕಾಲಾಳು, ಒಂದು ಮನೆ! ಅಂದು ಮಾರ್ಷಲನ ಸೋಲಿಗೂ ಅವನ ವಿಚಾರದ ಸಾರ್ಥಕತೆಗೂ ನಡುವೆ ಇದ್ದ ಅಂತರ ಅಷ್ಟೇ. ಕುದುರೆ ಆನೆಗಳನ್ನು ಬಲಿಕೊಡುವ ವೀರನಿಗೆ ಕಾಣದೆ ಹೋದದ್ದು ಕಾಲಾಳಿನ ಒಂದು ಮೆಲ್ಲನೆಯ ಹೆಜ್ಜೆ. ಅಂದಿನ ಆಟವನ್ನು ಗೆಲ್ಲಿಸಿಕೊಟ್ಟದ್ದೂ ಮೂಲೆಯ ಒಂದು ಕಾಲಾಳಿನ ಮೆಲ್ಲನೆಯ ಹೆಜ್ಜೆಗಳೇ ಎಂಬುದನ್ನು ನೆನೆದರೆ ಈ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ಎಂಬತ್ತಾರು ವರ್ಷಗಳ ತರುವಾಯ

ಆ ವಿಚಾರಕ್ಕೆ 'ಮಾರ್ಷಲ್ ದಾಳಿ' ಎಂಬ ಹೆಸರೇ ನಿಂತಿತು. ಗೆದ್ದವನ ಹೆಸರಲ್ಲ, ಸೋತವನ ಹೆಸರು. 1965ರಲ್ಲಿ, ಜಗಜ್ಜೇತೃ ಪದವಿಗೆ ಸವಾಲು ಹಾಕುವವನನ್ನು ಆರಿಸುವ ಅಂತಿಮ ಪಂದ್ಯದಲ್ಲಿ, ರಷ್ಯಾದ ಬೊರಿಸ್ ಸ್ಪಾಸ್ಕಿ ಇದನ್ನು ಮಿಖಾಯಿಲ್ ತಾಲನ ಎದುರು ಗುರಾಣಿಯಂತೆ ಬಳಸಿಕೊಂಡನು. ಬಿರುಗಾಳಿಯಂತೆ ಎರಗುವ ಆಟಕ್ಕೆ ಹೆಸರಾದ ತಾಲನಿಗೂ ಅದನ್ನು ಮುರಿಯಲಾಗಲಿಲ್ಲ. 1993ರಲ್ಲಿ ಲಂಡನ್ನಿನಲ್ಲಿ ನೈಜೆಲ್ ಷಾರ್ಟನನ್ನು ಎದುರಿಸಿದ ಗ್ಯಾರಿ ಕಾಸ್ಪರೊವ್ ಈ ದಾಳಿಗೆ ಆಸ್ಪದವನ್ನೇ ಕೊಡದೆ ಮೊದಲೇ ಬೇರೆ ಹಾದಿ ಹಿಡಿದನು. ಹೀಗೆ ತಪ್ಪಿಸಿಕೊಳ್ಳುವ ಹಾದಿಗಳಿಗೇ 'ಮಾರ್ಷಲ್ ವಿರೋಧಿ' ನಡೆಗಳೆಂಬ ಹೆಸರು ರೂಢಿಯಲ್ಲಿದೆ. ಒಂದು ಸೋತ ಆಟದ ನೆರಳನ್ನು ಕಂಡು ಅತಿರಥರು ದಾರಿ ಬದಲಿಸುತ್ತಾರೆಂದರೆ ಅದಕ್ಕಿಂತ ದೊಡ್ಡ ಗೌರವ ಇನ್ನೇನಿದ್ದೀತು?

ಇನ್ನೂ ಸೋಜಿಗದ ಪ್ರಸಂಗವೊಂದು 2004ರ ಅಕ್ಟೋಬರಿನಲ್ಲಿ ನಡೆಯಿತು. ಸ್ವಿಟ್ಜರ್ಲೆಂಡಿನ ಬ್ರಿಸಾಗೊ ಎಂಬ ಊರಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಹಂಗೇರಿಯ ಪೀಟರ್ ಲೆಕೊನೊಡನೆ ಜಗಜ್ಜೇತೃ ಪದವಿಯ ಪಂದ್ಯವಾಡುತ್ತಿದ್ದನು. ಎಂಟನೆಯ ಆಟದಲ್ಲಿ ಕರಿಯ ಕಾಯಿಗಳ ಲೆಕೊ ಮಾರ್ಷಲ್ ದಾಳಿಯನ್ನು ಹೂಡಿದನು. ಈ ಬಾರಿ ಮನೆಯಲ್ಲಿ ಸಿದ್ಧತೆ ಮಾಡಿಕೊಂಡು ಬಂದಿದ್ದವನು ಬಿಳಿಯ ಕಾಯಿಗಳ ಕ್ರಾಮ್ನಿಕ್. ಅವನು ತಾನು ಮೊದಲೇ ನೋಡಿಟ್ಟ ದಾರಿಯಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿದ್ದಾಗ, ಇಪ್ಪತ್ತೈದನೆಯ ನಡೆಯಲ್ಲಿ ಲೆಕೊ ಮಂತ್ರಿಯನ್ನು ಯಾರೂ ನಿರೀಕ್ಷಿಸದ ಮನೆಯಲ್ಲಿಟ್ಟು ಆ ಸಿದ್ಧತೆಯ ಬಿರುಕನ್ನು ಬಯಲುಮಾಡಿದನು. ಆಟವನ್ನು ಗೆದ್ದನು. ಕೊನೆಯ ಆಟವನ್ನು ಕ್ರಾಮ್ನಿಕ್ ಗೆದ್ದು, ಪಂದ್ಯವನ್ನು ಸಮ ಮಾಡಿಕೊಂಡು, ಪದವಿಯನ್ನೇನೋ ಉಳಿಸಿಕೊಂಡನು. ಅದು ಬೇರೆಯ ಮಾತು.

1918ರ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದು ದಾಳಿಕಾರ ಮನೆಯಲ್ಲಿ ಕಲಿತು ಬಂದನು. ರಕ್ಷಕ ಮಣೆಯ ಮುಂದೆ ಕುಳಿತು ಯೋಚಿಸಿ ಗೆದ್ದನು. 2004ರಲ್ಲಿ ರಕ್ಷಕ ಮನೆಯಲ್ಲಿ ಕಲಿತು ಬಂದನು. ದಾಳಿಕಾರ ಮಣೆಯ ಮುಂದೆ ಕುಳಿತು ಯೋಚಿಸಿ ಗೆದ್ದನು. ಮಾರ್ಷಲ್ ಅಂದು ಕಳೆದುಕೊಂಡ ಸಾಲವನ್ನು ಎಂಬತ್ತಾರು ವರ್ಷಗಳ ಮೇಲೆ ಇನ್ನೊಬ್ಬ ಬಡ್ಡಿಸಹಿತ ವಸೂಲು ಮಾಡಿದಂತಾಯಿತು. ಅದನ್ನು ಕಣ್ಣಾರೆ ಕಾಣಲು ಮಾರ್ಷಲ್ ಮಾತ್ರ ಇರಲಿಲ್ಲ. 1944ರಲ್ಲಿಯೇ ಅವನು ತೀರಿಕೊಂಡಿದ್ದನು.

ಗೆದ್ದವನ ಪಾಡು

ಗೆದ್ದವನ ಕಥೆಯಲ್ಲಿಯೂ ಒಂದು ಪಾಠವಿದೆ. ಎಂಟು ವರ್ಷಗಳ ಕಾಲ ಸೋಲನ್ನೇ ಕಾಣದ ಕಾಪಾಬ್ಲಾಂಕಾ 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅಲೆಕ್ಸಾಂಡರ್ ಅಲೆಖಿನನಿಗೆ ಎದುರಾದನು. ಅಲ್ಲಿಯವರೆಗೆ ಅಲೆಖಿನ್ ಅವನಿಂದ ಒಂದು ಆಟವನ್ನೂ ಗೆದ್ದವನಲ್ಲ. ಆದರೆ ಅವನು ಕಾಪಾಬ್ಲಾಂಕನ ಆಟಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಎಲ್ಲಿಯೂ ಕುಂದಿಲ್ಲವೆಂದು ಜಗತ್ತು ನಂಬಿದ್ದಲ್ಲಿ ಸಣ್ಣ ಸಣ್ಣ ಕುಂದುಗಳನ್ನು ಹುಡುಕಿಕೊಂಡು ಬಂದಿದ್ದನು. ಮೂವತ್ತನಾಲ್ಕು ಆಟಗಳ ಆ ದೀರ್ಘ ಸೆಣಸಾಟದಲ್ಲಿ ಕಾಪಾಬ್ಲಾಂಕಾ ಆರು ಸೋತು ಮೂರು ಗೆದ್ದನು. ಪದವಿ ಕೈಬಿಟ್ಟಿತು. ಮತ್ತೊಮ್ಮೆ ಪಂದ್ಯವಾಡುವ ಅವಕಾಶ ಅವನಿಗೆ ಜೀವಮಾನದಲ್ಲಿ ಒದಗಲೇ ಇಲ್ಲ. 1942ರ ಮಾರ್ಚ್ ತಿಂಗಳಲ್ಲಿ, ಅದೇ ಮ್ಯಾನ್‌ಹಟನ್ ಚೆಸ್ ಕ್ಲಬ್ಬಿನಲ್ಲಿ ಆಟ ನೋಡುತ್ತಿದ್ದ ಸಂಜೆ ಅವನು ಕುಸಿದುಬಿದ್ದನು. ಮರುದಿನ ಅಸುನೀಗಿದನು. ಸೋಲು ಅಪರೂಪವಾದವನಿಗೆ ಸೋಲನ್ನು ಬಿಡಿಸಿ ನೋಡುವ ಅಭ್ಯಾಸವೂ ಅಪರೂಪವಾಗುವ ಅಪಾಯವುಂಟು. ಬಲಿಷ್ಠನಿಗೂ ಅವನಿಗಿಂತ ಬಲಿಷ್ಠನೊಬ್ಬ ಒಂದು ದಿನ ಎದುರಾಗುತ್ತಾನೆ.

ಮಾರ್ಷಲನ ಬಾಳು ಬೇರೆಯೇ ರೀತಿಯಲ್ಲಿ ಸಾಗಿತು. 1909ರಿಂದ 1936ರವರೆಗೆ ಆತ ಅಮೆರಿಕದ ಚಾಂಪಿಯನ್ ಆಗಿದ್ದನು. ಆಮೇಲೆ ಕಿರಿಯರಿಗೆ ಅವಕಾಶವಾಗಲೆಂದು ತಾನಾಗಿಯೇ ಪದವಿಯನ್ನು ಬಿಟ್ಟುಕೊಟ್ಟನು. 1931ರಿಂದ 1937ರವರೆಗೆ ನಾಲ್ಕು ಚೆಸ್ ಒಲಿಂಪಿಯಾಡ್‌ಗಳಲ್ಲಿ ಸ್ವರ್ಣ ಪಡೆದ ಅಮೆರಿಕದ ತಂಡಗಳಲ್ಲಿ ಅವನಿದ್ದನು. 1915ರಲ್ಲಿ ಅವನು ಆರಂಭಿಸಿದ ಕೂಟವೇ ಬೆಳೆದು ಮಾರ್ಷಲ್ ಚೆಸ್ ಕ್ಲಬ್ಬಾಗಿ, ನ್ಯೂಯಾರ್ಕಿನ ಹತ್ತನೆಯ ಬೀದಿಯ ಮನೆಯಲ್ಲಿ ಇಂದಿಗೂ ನಡೆಯುತ್ತಿದೆ.

ಸೋಲನ್ನು ಹೇಗೆ ಸ್ವೀಕರಿಸಬೇಕೆಂಬುದಕ್ಕೆ ಆ ಮನೆಯೇ ಇನ್ನೊಂದು ಪ್ರಸಂಗಕ್ಕೆ ಸಾಕ್ಷಿಯಾಯಿತು. 1956ರ ಅಕ್ಟೋಬರಿನಲ್ಲಿ ಡೊನಾಲ್ಡ್ ಬರ್ನ್ ಎಂಬ ಹೆಸರಾಂತ ಆಟಗಾರ ಅಲ್ಲಿ ಹದಿಮೂರು ವರ್ಷದ ಬಾಲಕನೊಬ್ಬನೊಡನೆ ಆಡುತ್ತಿದ್ದನು. ಬಾಲಕ ಹದಿನೇಳನೆಯ ನಡೆಯಲ್ಲಿ ತನ್ನ ಮಂತ್ರಿಯನ್ನೇ ಬಲಿಕೊಟ್ಟು ಆಟವನ್ನು ತನ್ನತ್ತ ತಿರುಗಿಸಿದನು. ಸೋಲು ಖಚಿತವಾದಾಗ ಕೈಕುಲುಕಿ ಎದ್ದುಹೋಗುವುದು ದೊಡ್ಡ ಆಟಗಾರರ ವಾಡಿಕೆ. ಬರ್ನ್ ಏಳಲಿಲ್ಲ. ಇಷ್ಟು ಸೊಗಸಾಗಿ ಆಡಿದ ಹುಡುಗನಿಗೆ ತನ್ನ ಕೈಯಾರೆ ಚೆಕ್‌ಮೇಟ್ ಮಾಡುವ ಸಂತೋಷ ದೊರೆಯಲಿ ಎಂದು ನಲವತ್ತೊಂದನೆಯ ನಡೆಯವರೆಗೂ ಕುಳಿತು ಆಡಿದನು. ಆ ಬಾಲಕನೇ ಮುಂದೆ 1972ರಲ್ಲಿ ಜಗಜ್ಜೇತನಾದ ಬಾಬಿ ಫಿಷರ್. ಸಾನ್ ಸೆಬಾಸ್ಟಿಯನ್ನಿಗೆ ಕಾಪಾಬ್ಲಾಂಕನನ್ನು ಕರೆಸಿದ ಮಾರ್ಷಲನ ಗುಣ ಅವನು ಕಟ್ಟಿದ ಮನೆಯಲ್ಲಿಯೂ ಉಳಿದಿತ್ತೆಂದು ತೋರುತ್ತದೆ.

ಕೇಳಬೇಕಾದ ಪ್ರಶ್ನೆ

ಎಲ್ಲ ಸೋಲುಗಳೂ ಹೀಗೆ ಹೂಬಿಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಲಾಸ್ಕರನ ಕೈಯಲ್ಲಿ ಮಾರ್ಷಲ್ ಉಂಡ ಎಂಟು ಸೋಲುಗಳಿಂದ ಯಾವ ಹೊಸ ದಾಳಿಯೂ ಹುಟ್ಟಲಿಲ್ಲ. ಸೋಲು ತಾನಾಗಿ ಯಾರನ್ನೂ ಗೆಲುವಿನ ಮೆಟ್ಟಿಲು ಹತ್ತಿಸುವುದಿಲ್ಲ. ಹತ್ತಿಸುವುದಾಗಿದ್ದರೆ ಹೆಚ್ಚು ಸೋತವರೆಲ್ಲ ಜಗಜ್ಜೇತರಾಗಬೇಕಾಗಿತ್ತು! ಸೋಲಿನೊಳಗೆ ಸರಿಯಾದದ್ದು ಯಾವುದು, ತಪ್ಪಿದ್ದು ಯಾವುದು ಎಂದು ಕಾಳು ಜೊಳ್ಳು ಬೇರ್ಪಡಿಸಿದಾಗ ಮಾತ್ರ ಅದರಿಂದ ಪ್ರಯೋಜನ. 1918ರ ಆಟ ಸೋತಿತೆಂದು ಆ ವಿಚಾರವನ್ನೇ ಕಸದ ಬುಟ್ಟಿಗೆ ಎಸೆದಿದ್ದರೆ ಚದುರಂಗ ಬಡವಾಗುತ್ತಿತ್ತು. ವಿಚಾರ ಒಳ್ಳೆಯದೆಂಬ ಹಟದಿಂದ ಹನ್ನೊಂದನೆಯ ನಡೆಯ ತಪ್ಪನ್ನು ಒಪ್ಪಿಕೊಳ್ಳದೆ ಇದ್ದಿದ್ದರೂ ಬಡವಾಗುತ್ತಿತ್ತು.

ಶಾಲೆಯ ಪಂದ್ಯದಿಂದ ಹುಡುಗನೋ ಹುಡುಗಿಯೋ ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿಯೇ ಕಾದಿರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಗೆದ್ದೆಯೋ, ಸೋತೆಯೋ?' ಮಗುವಿನ ಮುಖ ನೋಡಿದರೆ ಅದಕ್ಕೆ ಉತ್ತರ ತಾನಾಗಿಯೇ ತಿಳಿಯುತ್ತದೆ. ಕೇಳಬೇಕಾದದ್ದು ಬೇರೆ. ಕೈಕಾಲು ತೊಳೆದು ತಿಂಡಿ ತಿಂದಾದ ಮೇಲೆ, ಮಣೆಯನ್ನು ಮುಂದಿಟ್ಟುಕೊಂಡು, 'ಯಾವ ನಡೆಯಲ್ಲಿ ತಪ್ಪಿತು, ತೋರಿಸು ನೋಡೋಣ' ಎಂದು ಕೇಳಬಹುದು. ಮಗು ಕಾಯಿಗಳನ್ನು ಜೋಡಿಸತೊಡಗುತ್ತದೆ. ಆ ನಡೆ ಸಿಕ್ಕುವ ಹೊತ್ತಿಗೆ ಕಣ್ಣೀರು ಒಣಗಿರುತ್ತದೆ.